ಒರೆಸಿಟ್ಟ ಭರಣಿ, ತೊಳೆಯದ ನಳಿಗೆ

ಮೊನ್ನೆ ಬೈಲಹೊಂಗಲದ ಸಂತೆಯಲ್ಲಿ, ತಾಡಪತ್ರಿಯ ಮೇಲೆ ಪ್ಲಾಸ್ಟಿಕ್ ಸಾಮಾನು ಸುರುವಿಕೊಂಡು ಕುಳಿತಿದ್ದವನೊಬ್ಬ ನನ್ನ ಮೂಗಿನ ಮುಂದೆಯೇ ಒಂದು ಬ್ರಷ್ ಹಿಡಿದ. ಉದ್ದನೆಯ ತಂತಿ, ಅದರ ತುದಿಗೆ ಅಳಿಲಿನ ಬಾಲದಂಥ ಕೂದಲು.

“ತಗೋರಿ ಅಕ್ಕಾರ, ಕೂಸಿನ ಹಾಲಿನ ಬಾಟ್ಲಿ ತಿಕ್ಕಾಕ ಭಾಳ ಚಲೋ ಐತಿ.”

“ನಮ್ಮನ್ಯಾಗ ಕೂಸಿಲ್ಲೋ ತಮ್ಮಾ.”

“ಹಂಗಾರ ಯಜಮಾನ್ರ ಬಾಟ್ಲಿ ತಿಕ್ಕ್ರಿ!”

ಸುತ್ತ ನಿಂತವರೆಲ್ಲ ನಕ್ಕರು. ನಮ್ಮ ಯಜಮಾನರು ಜನ್ಮದಲ್ಲಿ ಚಹಾಕ್ಕಿಂತ ಖಡಕ್ ಆದದ್ದನ್ನು ಕುಡಿದವರಲ್ಲ. ಅದಕ್ಕಾದರೂ ನಾನು ನಗಬೇಕಿತ್ತು, ಇಲ್ಲವೆ ಅವನಿಗೆ ನಾಲ್ಕು ಮಾತು ಅಂದು ಬರಬೇಕಿತ್ತು. ಬಾಯಿಗೆ ಬರಗಾಲ ಬಂದವಳಲ್ಲ ನಾನು. ಆದರೆ ಆ ಬ್ರಷ್ ನೋಡಿದ್ದೇ ತಡ, ಬದನೆಕಾಯಿ ಕೊಳ್ಳುವುದನ್ನೂ ಮರೆತು ಮನೆಗೆ ಬಂದೆ. ಅಂಥದೇ ಒಂದು ಬ್ರಷ್ಷನ್ನು ಹೋದ ವರ್ಷ ನನ್ನ ತಮ್ಮ ನನ್ನ ಕೈಗೆ ಕೊಟ್ಟಿದ್ದ. ನಾನು ಅದನ್ನು ಅವನ ಎದುರಿಗೆ ಇಸಿದುಕೊಂಡು, ಅವನು ಅತ್ತ ಹೋದ ಮೇಲೆ ಕಟ್ಟೆಯ ಮೇಲೆ ಒಗೆದಿದ್ದೆ.

ಸ್ವಚ್ಛತೆಯ ಬಗ್ಗೆ ಭಾಷಣ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಟಿವಿಯಲ್ಲಿ ನೋಡಿ, ಬಿಳಿ ಅಂಗಿ ತೊಟ್ಟವನೊಬ್ಬ ಬಂದು ಪಾಯಖಾನೆಯ ಬೋಗುಣಿಗೆ ನೀಲಿ ಎಣ್ಣೆ ಹಾಕುತ್ತಾನೆ, ಕೋಡು ಮೂಡಿದ ಹುಳಗಳು ‘ಅಯ್ಯೋ ಸತ್ತೆ’ ಎಂದು ಓಡುತ್ತವೆ. ಇಷ್ಟು ವರ್ಷ ನಾವು ಬೂದಿ, ಹುಣಸೆಹಣ್ಣು, ತೆಂಗಿನ ಜುಂಗು ಹಾಕಿ ತಿಕ್ಕಿದಾಗ ಆ ಹುಳಗಳು ಸುಮ್ಮನೆ ಕುಳಿತು ನಗುತ್ತಿದ್ದವೇನು? ಕಿತ್ತೂರಿನಲ್ಲಿ ನನ್ನ ಗೆಳತಿಯೊಬ್ಬಳ ಮನೆಗೆ ಹೋದರೆ, ಬಾಗಿಲಲ್ಲೇ ಅಂಗೈಗೆ ಒಂದು ಹನಿ ಸ್ಯಾನಿಟೈಜರ್ ಹಾಕುತ್ತಾಳೆ, ತೀರ್ಥ ಕೊಟ್ಟಹಾಗೆ. ಒಳಗೆ ಹೋದರೆ ಅಡಿಗೆಮನೆಯ ಒರೆಸುವ ಬಟ್ಟೆ ಅವಳ ಮದುವೆಯ ಕಾಲದ್ದು. ನಮ್ಮ ಜನರ ಸ್ವಚ್ಛತೆ ಇಷ್ಟೇ: ಎದುರಿಗೆ ರಂಗೋಲಿ, ಹಿತ್ತಲಲ್ಲಿ ಮುಸುರೆ.

ನಾನೇನು ಬೇರೆ ಮಣ್ಣಿನವಳಲ್ಲ. ಸಾಲೆಯಲ್ಲಿ ಪ್ರತಿ ಸೋಮವಾರ ಬಾಯಾರು, ಎಂದರೆ ಟೀಚರು, ಉಗುರು ನೋಡುತ್ತಿದ್ದರು. ಎರಡೂ ಕೈಯ ಉಗುರು ತೆಗೆಯುವ ತ್ರಾಸು ಯಾಕೆಂದು ನಾನು ಬಲಗೈಯದಷ್ಟೇ ಕಡಿದುಕೊಂಡು ಹೋಗುತ್ತಿದ್ದೆ. ಬಾಯಾರು ಸಾಲಿನ ಆ ತುದಿಗೆ ಹೋಗುವಾಗ ಬಲಗೈ ಚಾಚುವುದು, ಈ ತುದಿಗೆ ತಿರುಗಿ ಬರುತ್ತ “ಇನ್ನೊಂದು ಕೈ” ಎಂದಾಗ ಮತ್ತೆ ಅದೇ ಬಲಗೈ. ಏಳನೇ ಇಯತ್ತೆಯವರೆಗೆ ಹೀಗೆ ನಡೆಯಿತು. ಮುಂದೆ ಸಾಲೆ ಬಿಡಿಸಿದರು. ನನ್ನ ಎಡಗೈ ಇವತ್ತಿಗೂ ತಪಾಸಣೆ ಆಗಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನನ್ನು ಮೀರಿಸುವವರು ಬಳಗದಲ್ಲಿಲ್ಲ ಎಂಬುದು ನನ್ನ ಸೊಕ್ಕು. ಉಪ್ಪಿನಕಾಯಿಯ ಭರಣಿ. ನಮ್ಮವ್ವ ಕಲಿಸಿದ ವಿದ್ಯೆ ಅದು. ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆ ಕೈಹಾಕಿ ಒಣ ಅರಿವೆಯಿಂದ ಒರೆಸಿ, ಕೆಂಡದ ಮೇಲೆ ಇಂಗು ಹಾಕಿ, ಆ ಹೊಗೆಯ ಮೇಲೆ ಭರಣಿ ಬೋರಲು ಹಾಕುತ್ತಿದ್ದಳು. ಹೊಗೆ ಕುಡಿದ ಭರಣಿಯೊಳಗೆ ಮೂಗು ಇಟ್ಟು ವಾಸನೆ ನೋಡುವ ಹಕ್ಕಿಗಾಗಿ ನಾನೂ ನನ್ನ ತಮ್ಮ ಚನ್ನಬಸುವೂ ಕೂದಲು ಹಿಡಿದು ಜಗಳಾಡುತ್ತಿದ್ದೆವು. ಅವ್ವನ ಒಂದೇ ಮಾತು: “ನೀರ ಅಂದ್ರ ವೈರಿ. ಒಂದ ಹನಿ ಉಳದ್ರ ವರ್ಷದ ಉಪ್ಪಿನಕಾಯಿ ಹೋತು.” ಆ ಮಾತು ನನ್ನ ತಲೆಯೊಳಗೆ ಹೊಕ್ಕಷ್ಟು ಆಳಕ್ಕೆ ಸಾಲೆಯ ಯಾವ ಪಾಠವೂ ಹೊಕ್ಕಿಲ್ಲ.

ಇನ್ನೊಂದು ನೇಮವಿತ್ತು. ನಮ್ಮ ಮತದಲ್ಲಿ ಮುಟ್ಟಿನ ಮೈಲಿಗೆ ಇಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಯಾವ ಸೂತಕವೂ ಇಲ್ಲವೆಂದು ನಮ್ಮ ಹಿರಿಯರು ನೂರು ಸಲ ಹೇಳುತ್ತಾರೆ, ಎದೆಯುಬ್ಬಿಸಿ ಹೇಳುತ್ತಾರೆ. ಆದರೆ ಉಪ್ಪಿನಕಾಯಿಯ ದಿನ ಹೊರಗಾದ ಹೆಂಗಸು ಭರಣಿಯ ಹತ್ತಿರ ಬರಬಾರದು. ಯಾಕೆಂದು ಕೇಳಿದರೆ, “ಮೈಲಿಗಿ ಅಂತ ಅಲ್ಲ ಮತ್ತ, ಸುಮ್ಮನ” ಎನ್ನುತ್ತಾರೆ. ಈ ‘ಸುಮ್ಮನೆ’ ಎಂಬುದರಷ್ಟು ಗಟ್ಟಿಯಾದ ಶಾಸ್ತ್ರ ನಮ್ಮಲ್ಲಿ ಇನ್ನೊಂದಿಲ್ಲ. ಬೇರೆ ಶಾಸ್ತ್ರವನ್ನು ಯಾರಾದರೂ ಜಾಣರು ಪ್ರಶ್ನೆ ಮಾಡಬಹುದು. ಇದನ್ನು ಹೇಗೆ ಮಾಡುತ್ತೀರಿ?

ಈಗ ತಮ್ಮನ ವಿಷಯ. ಚನ್ನಬಸು ಬೈಲಹೊಂಗಲದಲ್ಲೇ, ನಮ್ಮ ಓಣಿಯ ಆಚೆ ಓಣಿಯಲ್ಲಿದ್ದಾನೆ. ಸುಟ್ಟ ಪಂಪುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ಹುಟ್ಟಾ ಶಿಸ್ತಿನವನು. ಸಣ್ಣವನಿದ್ದಾಗ ಗೋಲಿಗುಂಡನ್ನು ತೊಳೆದು ಆಡುತ್ತಿದ್ದ. ತೊಳೆಯುವಷ್ಟರಲ್ಲಿ ಉಳಿದ ಹುಡುಗರ ಆಟ ಮುಗಿದಿರುತ್ತಿತ್ತು. ಅಂಥವನು ಗ್ರೀಸು ಮೆತ್ತಿದ ಕೆಲಸವನ್ನೇ ಹಿಡಿದ, ಮತ್ತು ದಿನಾ ಸಂಜೆ ಕಲ್ಲಿನ ಮೇಲೆ ಅರಿವೆ ಒಗೆದಹಾಗೆ ತನ್ನ ಕೈಗಳನ್ನು ಒಗೆಯುತ್ತಾನೆ. ಅವನ ಹೆಂಡತಿ ನೀಲಾ ಮನೋಳಿಯವಳು. ಮಾತು ಕಡಿಮೆ, ಕೈ ಚುರುಕು. ಅವಳು ಮನೆಗೆ ಬಂದ ವರ್ಷವೇ ಅವ್ವ ಅವಳು ಕಲಸಿದ ಮಾವಿನಕಾಯಿಯ ಹೋಳು ನೆಕ್ಕಿ, “ಈಕೀ ಕೈಗುಣ ಚಲೋ ಐತಿ” ಅಂದಿದ್ದಳು. ನನಗೆ ಅವ್ವ ಹಾಗೆ ಎಂದೂ ಅಂದಿರಲಿಲ್ಲ. ನನ್ನ ಭರಣಿಯನ್ನು ಹೊಗಳಿದ್ದಳು, ಕೈಯನ್ನಲ್ಲ. ಇದನ್ನು ಇಲ್ಲಿ ಯಾಕೆ ಬರೆದೆನೋ. ಇರಲಿ.

ಅವರ ಹಿತ್ತಲಲ್ಲಿ ಅವ್ವ ಹಚ್ಚಿದ ಒಂದು ದ್ರಾಕ್ಷಿಯ ಬಳ್ಳಿಯಿತ್ತು. ಕಟಕೋಳದ ಬೀಗರ ತೋಟದಿಂದ ಒಂದು ಕಡ್ಡಿಯನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಕಪ್ಪು ಹಣ್ಣು, ಒಳಗೆ ದಪ್ಪ ಬೀಜ, ತಿಂದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಅಂಗಡಿಯ ದ್ರಾಕ್ಷಿ ತಿಂದ ಮೊಮ್ಮಕ್ಕಳು ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಅವ್ವ ಮಾತ್ರ ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಅದೇನೋ ಅಮೃತವೆಂಬಂತೆ ತಿನ್ನುತ್ತಿದ್ದಳು. ಅವ್ವ ತೀರಿಕೊಂಡ ವರ್ಷವೇ ಬಳ್ಳಿಯ ಬುಡಕ್ಕೆ ಗೆದ್ದಲು ಹತ್ತಿತು. ಚನ್ನ ಏನೇನೋ ಔಷಧ ಸುರಿದ. ಉಳಿಯುವುದಿಲ್ಲ ಎಂದು ಗೊತ್ತಾಯಿತು. ಸಾಯುವ ಬಳ್ಳಿ ಆ ಬೇಸಗೆಯಲ್ಲಿ ಹುಚ್ಚು ಹಿಡಿದಂತೆ ಕಾಯಿ ಬಿಟ್ಟಿತು.

ಒಂದು ದಿನ ಚನ್ನ ನಮ್ಮ ಮನೆಗೆ ಬಂದು, “ಅಕ್ಕಾ, ಈ ಹಣ್ಣಿಂದ ವೈನ್ ಮಾಡತೇನಿ” ಅಂದ.

“ತಲಿ ನೆಟ್ಟಗೈತಿಲ್ಲೋ?”

“ಕುಡ್ಯಾಕಲ್ಲ ಬೇ. ಇಡಾಕ. ಹಣ್ಣ ಉಳಿಯೂದಿಲ್ಲ, ರಸ ಉಳಿಯೂದಿಲ್ಲ. ವೈನ್ ಉಳೀತೈತಿ. ವರ್ಷಕ್ಕೊಮ್ಮೆ ಅವ್ವನ ದಿನ ಒಂದೊಂದ ಚಮಚ ನಾಲಿಗಿಗೆ ಹಚ್ಚಿಕೊಂಡ್ರ ಸಾಕು.”

ನಾನು ನಕ್ಕುಬಿಟ್ಟೆ. ಈ ಸುದ್ದಿ ಸಂಪಗಾಂವದ ನಮ್ಮ ಚಿಗವ್ವನ ಕಿವಿಗೂ ಬಿತ್ತು. ಚಿಗವ್ವ ಎಂದರೆ ಅವ್ವನ ತಂಗಿ, ಈಗ ಬಳಗಕ್ಕೆಲ್ಲ ಹಿರಿಯಳು, ಸುಪ್ರೀಂ ಕೋರ್ಟು. ಅವಳು ಸ್ವತಃ ಬಸ್ಸು ಹತ್ತಿ ಬಂದು ಹಿತ್ತಲಲ್ಲಿ ನಿಂತು ಕೇಳಿದಳು:

“ಏನೋ ಚನ್ಯಾ, ಕೊಳ್ಳಾಗ ಲಿಂಗ, ಹಿತ್ತಲದಾಗ ಸೆರೆ?”

“ಸೆರೆ ಅಲ್ಲ ಚಿಗವ್ವಾ, ಅವ್ವನ ಬಳ್ಳಿ. ನಿಮ್ಮಕ್ಕಂದು.”

ಚಿಗವ್ವ ಬಳ್ಳಿಯನ್ನು ಒಂದು ಸಲ ಮುಟ್ಟಿ ನೋಡಿದಳು. ಆಮೇಲೆ, “ಮಾಡು ಹಂಗಾರ. ಮಂದಿಗೆ ಮಾತ್ರ ಶರಬತ್ತಂತ ಹೇಳು” ಎಂದು ತೀರ್ಪು ಕೊಟ್ಟು ಹೋದಳು.

ವೈನು ಮಾಡುವುದೆಂದರೆ ಹಣ್ಣು ಹಿಚುಕಿ ಇಡುವುದು ಎಂದು ತಿಳಿದಿದ್ದೆ. ಹಿಚುಕುವುದು ಅರ್ಧ ತಾಸಿನ ಕೆಲಸವಂತೆ. ಉಳಿದದ್ದೆಲ್ಲ ತೊಳೆಯುವುದು! ಚನ್ನ ಮೊಬೈಲಿನಲ್ಲಿ ಅದೆಷ್ಟು ನೋಡಿದ್ದನೋ, ಹುಬ್ಬಳ್ಳಿಯಿಂದ ಒಂದು ಗಂಟು ಸಾಮಾನು ತರಿಸಿದ. ಮುಚ್ಚಳವಿದ್ದ ಬಿಳಿ ಡ್ರಮ್ಮು, ಹೊಟ್ಟೆ ದಪ್ಪಗಿದ್ದು ಕೊರಳು ಸಣ್ಣಗಿದ್ದ ಗಾಜಿನ ಭರಣಿ, ರಸವನ್ನು ಒಂದರಿಂದ ಇನ್ನೊಂದಕ್ಕೆ ಇಳಿಸಲು ಆಳುದ್ದದ ಪಾರದರ್ಶಕ ನಳಿಗೆ, ಒಳಗಿನ ಗಾಳಿಯನ್ನು ಹೊರಗೆ ಬಿಟ್ಟು ಹೊರಗಿನದನ್ನು ಒಳಗೆ ಬಿಡದ ಪುಟ್ಟ ಗಾಜಿನ ಸೊಂಡಿಲು, ಆ ಅಳಿಲುಬಾಲದ ಬ್ರಷ್, ಮತ್ತೆ ಒಂದು ಬಿಳಿ ಪುಡಿ. ಆ ಪುಡಿಯನ್ನು ನೀರಿಗೆ ಹಾಕಿದರೆ ಕಡ್ಡಿಪೆಟ್ಟಿಗೆಯ ಕಾರ್ಖಾನೆಗೆ ಬೆಂಕಿ ಬಿದ್ದಂಥ ವಾಸನೆ. ನೀಲಾ ಸೆರಗು ಮೂಗಿಗೆ ಹಿಡಿದು ಕೆಮ್ಮುತ್ತ ಗಂಡನಿಗೆ ಸಹಾಯ ಮಾಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತ ತಮಾಷೆ ನೋಡುತ್ತಿದ್ದೆ.

“ಹೊಸಾ ಡ್ರಮ್ಮ, ಮತ್ತ್ಯಾಕೋ ಇಷ್ಟ ತಿಕ್ಕತಿ?”

“ಅಕ್ಕಾ, ತೊಳಿಯೂದು ಬ್ಯಾರೆ, ಹುಳ ಸಾಯಸೂದು ಬ್ಯಾರೆ. ತೊಳದ್ರ ಹೊಲಸ ಹೋಗತೈತಿ ಅಷ್ಟ. ಕಣ್ಣಿಗೆ ಕಾಣಲಾರದ್ದು ಹೋಗೂದಿಲ್ಲ. ಅದಕ್ಕ ತೊಳದ ಮ್ಯಾಲೆ ಈ ಪುಡಿ ನೀರು.”

“ಕಣ್ಣಿಗೆ ಕಾಣಲಾರದ್ದನ್ನ ಐತಿ ಅಂತ ಹೆಂಗ ನಂಬೂದೋ?”

“ಕಾಣಲಾರದ ದೇವರಿಗೆ ದಿನಾ ಕೈ ಮುಗೀತಿಲ್ಲೇನ ನೀ? ಹಂಗ.”

ನೀಲಾ ಸೆರಗಿನೊಳಗೇ ನಕ್ಕಳು. ನನಗೆ ಅದು ಚುಚ್ಚಿತು. ಏಳನೇ ಇಯತ್ತೆಯವಳಿಗೆ ಪಿಯುಸಿಯವನು ಪಾಠ ಹೇಳಿದರೆ ಹೇಳಲಿ, ತಮ್ಮ. ಆದರೆ ಹೆಂಡತಿ ನಗಬಾರದಿತ್ತು. ಇಂಥ ಸಣ್ಣ ಸಣ್ಣ ಸಿಟ್ಟುಗಳನ್ನು ನಾನು ಯಾವ ಪುಡಿಯೂ ಇಲ್ಲದೆ ವರ್ಷಗಟ್ಟಲೆ ಕೆಡದಂತೆ ಇಡಬಲ್ಲೆ.

ಡ್ರಮ್ಮಿನಲ್ಲಿ ಹಣ್ಣು ಒಲೆಯಿಲ್ಲದೆ ಕುದಿಯಿತು. ಬಿಸಿಲಿನ ದಿನಗಳು. ಚನ್ನ ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿ, ಜ್ವರದ ಕೂಸಿನ ಹಣೆಗೆ ತಣ್ಣೀರು ಪಟ್ಟಿ ಹಾಕುವವರಂತೆ ಆಗಾಗ ಬಂದು ತೋಯಿಸುತ್ತಿದ್ದ. ನಡುವೆ ಒಮ್ಮೆ ನಳಿಗೆ ಇಳಿಬಿಟ್ಟು ಒಂದಿಷ್ಟು ರಸ ಎಳೆದು ರುಚಿ ನೋಡಿದ. ಕಣ್ಣು ಮುಚ್ಚಿದ, ಥೇಟ್ ಅವ್ವನ ಹಾಗೆ. “ಬಂತಕ್ಕಾ, ಅದ ರುಚಿ” ಅಂದ. ನನಗೂ ಒಂದು ಚಮಚ ಕೊಟ್ಟ. ಬಾಯಿ ಸೊಟ್ಟ ಮಾಡಿದೆ. ಖರೆ ಹೇಳಬೇಕೆಂದರೆ ಆ ಹುಳಿಯ ಹಿಂದೆ ಅವ್ವನ ಹಿತ್ತಲು ಇತ್ತು. ಅದನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ರಸವನ್ನು ಸಿಪ್ಪೆ-ಬೀಜದ ಗಷ್ಟಿನಿಂದ ಬೇರೆ ಮಾಡಿ ಗಾಜಿನ ಭರಣಿಗೆ ಇಳಿಸುವ ದಿನ ಬಂತು. ಅದೇ ದಿನ ಕಿತ್ತೂರಿನ ಕಡೆ ಯಾರದೋ ಪಂಪು ಸುಟ್ಟು ಚನ್ನನಿಗೆ ಕರೆ ಬಂತು. ನೀಲಾ ಹೊರಗಾಗಿ, ಹೊಟ್ಟೆನೋವಿನಿಂದ ಮಲಗಿದ್ದಳು. ಚನ್ನ ನನ್ನನ್ನು ಕರೆದು ಭರಣಿ, ನಳಿಗೆ, ಪುಡಿ ನೀರು ಎಲ್ಲ ಮುಂದಿಟ್ಟ.

“ಅಕ್ಕಾ, ಮೊದಲ ಬ್ರಷ್ ಹಾಕಿ ತಿಕ್ಕು. ಆಮ್ಯಾಲೆ ಪುಡಿ ನೀರ ಆಡಿಸಿ ಚೆಲ್ಲು. ನಳಿಗಿ ಒಳಗೂ ಹರಿಸು. ಒರಸಬ್ಯಾಡ ಮತ್ತ! ಡಬ್ಬ ಹಾಕು, ಅದರಷ್ಟಕ್ಕ ಅದು ಸೋರಲಿ. ನಾ ಬಂದ ಇಳಸತೇನಿ.”

ಒರೆಸಬೇಡ! ಭರಣಿಯ ವಿಷಯದಲ್ಲಿ ನನಗೆ ಹೇಳುವುದೇ? ಆದರೂ ತಿಕ್ಕಿದೆ, ಬ್ರಷ್ಷಿನಿಂದಲ್ಲ, ನನ್ನ ಪದ್ಧತಿಯಲ್ಲಿ ಜುಂಗನ್ನು ಕೋಲಿಗೆ ಕಟ್ಟಿ. ಪುಡಿ ನೀರನ್ನೂ ಆಡಿಸಿದೆ. ಭರಣಿಯನ್ನು ಬೋರಲು ಹಾಕಿದೆ. ಸ್ವಲ್ಪ ಹೊತ್ತಿಗೆ ಎತ್ತಿ ನೋಡಿದರೆ ಗಾಜಿನ ಒಳಗೆಲ್ಲ ಹನಿ ಹನಿ. ಆ ಹನಿಗಳನ್ನು ನೋಡಿಕೊಂಡು ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ನೀರೆಂದರೆ ವೈರಿ. ಕೋಲಿನ ತುದಿಗೆ ಅಡಿಗೆಮನೆಯ ಅರಿವೆ ಸುತ್ತಿ, ಒಳಗೆಲ್ಲ ಒರೆಸಿ, ಕನ್ನಡಿ ಮಾಡಿ ಇಟ್ಟೆ. ಇಂಗಿನ ಹೊಗೆಯನ್ನೂ ಕೊಡುತ್ತಿದ್ದೆ. ಈಗ ಎಲ್ಲರ ಮನೆಯಲ್ಲೂ ಗ್ಯಾಸು, ಕೆಂಡ ಎಲ್ಲಿಂದ ತರಲಿ?

ಉಳಿದದ್ದು ನಳಿಗೆ. ರುಚಿ ನೋಡಿದ ದಿನದ ರಸ ಅದರ ಒಳಗೆ ನೇರಳೆ ಬಣ್ಣದ ಪೊರೆಯಾಗಿ ಅಂಟಿತ್ತು. ತುದಿಯಲ್ಲಿ ಸಣ್ಣ ನೊಣಗಳು ಸಭೆ ಸೇರಿದ್ದವು. ನಾನು ಕುಳಿತು ವಿಚಾರ ಮಾಡಿದೆ. ಇದರೊಳಗೆ ನೀರು ಹೋದರೆ ಹನಿ ಹೊರಗೆ ಬರುವುದಿಲ್ಲ. ಊದಿದರೂ ಬರುವುದಿಲ್ಲ, ಬೀಸಿದರೂ ಬರುವುದಿಲ್ಲ. ಒಳಗೆ ಅರಿವೆ ತೂರಿಸಲು ಆಗುವುದಿಲ್ಲ. ಒಣಗಿಸಲಾಗದ ಕಡೆ ನೀರು ಬಿಡುವುದಕ್ಕಿಂತ ಬಿಡದಿರುವುದೇ ಚಲೋ. ಅದೂ ಅಲ್ಲದೆ, ಅದರೊಳಗೆ ಇದ್ದದ್ದು ಇದೇ ದ್ರಾಕ್ಷಿಯ ರಸವೇ ತಾನೆ? ತಾಯಿಯ ಹೊಟ್ಟೆಗೆ ಮಗಳೇನು ಮೈಲಿಗೆಯೆ? ಹೀಗೆ ನನಗೆ ನಾನೇ ವಕೀಲಿಕೆ ಮಾಡಿ, ನೊಣ ಹೊಡೆದು, ನಳಿಗೆಯ ಹೊರಮೈಯನ್ನು ಎಣ್ಣೆ ಹಚ್ಚಿದ ಹಾವಿನಂತೆ ಹೊಳೆಯುವವರೆಗೆ ಒರೆಸಿ, ಸುರುಳಿ ಸುತ್ತಿಟ್ಟೆ.

ಚನ್ನ ಬಂದವನು ಕೈ ತೊಳೆದುಕೊಂಡು, ಭರಣಿ ನೋಡಿ ಖುಷಿಪಟ್ಟ. ಆಮೇಲೆ ನಳಿಗೆ ಎತ್ತಿಕೊಂಡು ಕೇಳಿದ.

“ಒಳಗ ಪುಡಿ ನೀರ ಹರಿಸೀಯಿಲ್ಲ?”

“ಹೂಂ,” ಎಂದೆ.

ಇಲ್ಲ ಎಂದಿದ್ದರೆ ಏನಾಗುತ್ತಿತ್ತು? ಅವನೇ ಒಂದು ತಂಬಿಗೆ ನೀರು ಹರಿಸಿಕೊಳ್ಳುತ್ತಿದ್ದ. ಅಷ್ಟೇ. ಆದರೆ ಇಲ್ಲವೆಂದರೆ ಮತ್ತೆ ಪಾಠ ಶುರುವಾಗುತ್ತಿತ್ತು, ಮತ್ತೆ ಒಳಗಿನಿಂದ ನಗು ಕೇಳುತ್ತಿತ್ತು. ಅದಕ್ಕೆ ಹೂಂ. ರಸ ಇಳಿಯುವಾಗ ಡ್ರಮ್ಮನ್ನು ಓರೆ ಹಿಡಿಯಲು ಕೈ ಸಾಲದೆ ಚನ್ನ ನೀಲಾಳನ್ನು ಕರೆದ. ಅವಳು ಹೊಟ್ಟೆ ಹಿಡಿದುಕೊಂಡೇ ಎದ್ದು ಬಂದು ಹಿಡಿದು, ಹೋಗಿ ಮಲಗಿದಳು.

ಮಳೆಗಾಲ ಹಿಡಿದ ಮೇಲೆ ಭರಣಿ ತೆಗೆದರು. ಚಿಗವ್ವ ಸವದತ್ತಿಗೆ ಹೋಗಿ ಎಲ್ಲಮ್ಮನಿಗೆ ಕಾಯಿ ಒಡೆಸಿಕೊಂಡು ಬರುವಾಗ ಇಲ್ಲಿ ಇಳಿದಿದ್ದಳು. ಚನ್ನ ಬಿರಡೆ ಕಿತ್ತ. ಕಿತ್ತದ್ದೇ ತಡ, ಮೂಗಿಗೆ ಸೂಜಿ ಚುಚ್ಚಿದ ಹಾಗಾಯಿತು. ದ್ರಾಕ್ಷಿಯಿಲ್ಲ, ಅವ್ವನಿಲ್ಲ, ಹಿತ್ತಲಿಲ್ಲ. ಬರೀ ಕಡು ಹುಳಿ, ಕಣ್ಣಲ್ಲಿ ನೀರು ತರಿಸುವಂಥದು. ಚನ್ನ ಒಂದು ಚಮಚ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಲಿಲ್ಲ. ಹೊರಗೆ ಹೋಗಿ ಉಗುಳಿ ಬಂದು, ಭರಣಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, “ಎಲ್ಲೆರೆ ನಂದ ತಪ್ಪಾತು” ಅಂದ. ಬಳ್ಳಿ ಅಷ್ಟರೊಳಗೆ ಪೂರಾ ಒಣಗಿ, ಅದರ ಕಡ್ಡಿ ಒಲೆಗೆ ಹೋಗಿತ್ತು. ಇನ್ನೊಂದು ಸಲ ಮಾಡೋಣವೆನ್ನಲು ಲೋಕದಲ್ಲಿ ಆ ಹಣ್ಣು ಇರಲಿಲ್ಲ.

ಚಿಗವ್ವ ವಿಚಾರಣೆ ಶುರು ಮಾಡಿದಳು. “ಭರಣಿಗಿ ಹಾಕಿದ ದಿನ ಯಾರ ಯಾರ ಇದ್ರಿ?”

ನಾನು ಹೇಳಿದೆ. “ನಾ ಭರಣಿ ತೊಳದೆ. ಚನ್ನ ಇಳಿಸಿದ. ನೀಲಾ ಡ್ರಮ್ಮ ಹಿಡದಿದ್ಲು.” ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಒಂದು ಉಸಿರು ಬಿಟ್ಟು, “ಪಾಪ, ಹೊರಗಾಗಿದ್ಲು, ಆದರೂ ಎದ್ದ ಬಂದಿದ್ಲು” ಅಂದೆ.

ನೋಡಿ, ಇದರಲ್ಲಿ ಒಂದಾದರೂ ಸುಳ್ಳಿದೆಯೆ? ‘ಪಾಪ’ ಎಂದೂ ಸೇರಿಸಿದ್ದೆ. ಚಿಗವ್ವ “ಹಾಂ!” ಎಂದಳು. ಅಷ್ಟೇ. ತೀರ್ಪಾಯಿತು. ಮೈಲಿಗೆ ಅಂತ ಅಲ್ಲ ಮತ್ತೆ. ಸುಮ್ಮನೆ.

ನೀಲಾ ನನ್ನನ್ನೇ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಕಣ್ಣಿಗೆ ಕಾಣದ ಹುಳಗಳ ಬಗ್ಗೆ ಅಷ್ಟೆಲ್ಲ ಪಾಠ ಹೇಳುವ ಪಂಡಿತ, ಹೆಂಡತಿಯ ಪರವಾಗಿ ಒಂದು ಮಾತು ಆಡದೆ, ತಲೆ ಬಗ್ಗಿಸಿ ಭರಣಿ ನೋಡುತ್ತ ಕುಳಿತಿದ್ದ. ನಮ್ಮ ಗಂಡಸರ ವಿಜ್ಞಾನ ಹೆಂಗಸರ ಪಂಚಾಯತಿ ಕೂಡುವವರೆಗೆ ಮಾತ್ರ.

ಅಲ್ಲಿಂದ ಮುಂದೆ ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಅನ್ನುವುದು ನಮ್ಮ ಪದ್ಧತಿಯಲ್ಲ, ಸರಿಸುವುದು ನಮ್ಮ ಪದ್ಧತಿ. ಬಳಗದ ಕೆಲಸದ ಮನೆಯಲ್ಲಿ ಹೋಳಿಗೆಯ ಹೂರಣಕ್ಕೆ ಕೈಹಾಕಲು ಹೋದರೆ, “ನೀ ಇರಲಿ ಬಿಡವ್ವಾ, ಏಲಕ್ಕಿ ಸುಲಿ” ಎನ್ನುವರು. ಹಪ್ಪಳದ ಹಿಟ್ಟಿಗೆ ಹೋದರೆ, “ನೀ ಮಕ್ಕಳ್ನ ನೋಡ್ಕೋ.” ಅವ್ವ ಹೊಗಳಿದ ಕೈಗುಣ ಒಂದೇ ವರ್ಷದಲ್ಲಿ ಏಲಕ್ಕಿ ಸಿಪ್ಪೆಗೆ ಬಂತು. ನಾನು ಎಲ್ಲ ಕಡೆಯೂ ಇದ್ದೆ, ಎಲ್ಲವನ್ನೂ ನೋಡಿದೆ, ಹೂರಣ ಕಲಸಿದೆ. ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ನಿಮಗೆ ನನ್ನ ಮೇಲೆ ಕರುಣೆ ಬಂದೀತು. ನಿದ್ದೆ ಚಲೋ ಬರುತ್ತಿತ್ತು.

ಈ ವರ್ಷ ಮಾವಿನಕಾಯಿಯ ಕಾಲಕ್ಕೆ ಸ್ವಲ್ಪ ಮೊದಲು ಒಂದು ಸಂಜೆ ತಮ್ಮನ ಮನೆಗೆ ಹೋದೆ. ಅಡಿಗೆಮನೆಯಲ್ಲಿ ಆ ಆರಡಿ ಮನುಷ್ಯ ಬಗ್ಗಿ ನಿಂತು, ಹಾಲಿನ ಪಾತ್ರೆಗೆ ಚಮಚದಿಂದ ಹೆಪ್ಪು ಹಾಕುತ್ತಿದ್ದ. ನೀಲಾ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು.

ನನಗೆ ನಗು ಬಂತು. “ಏನೋ, ಹೆಂಡ್ತಿ ಕೈಗೆ ಮದರಂಗಿ ಹಚ್ಚ್ಯಾಳೇನು?”

“ಆಕಿ ಹೆಪ್ಪ ಹಾಕಾಕ ಒಲ್ಲೆ ಅಂತಾಳಕ್ಕಾ. ಆಕೀ ಕೈಲೆ ಕೆಡತೈತಂತ. ಭಾಳ ದಿನದಿಂದ ನಾನ ಹಾಕತೇನಿ.”

“ದಿನಾಲೂ?”

“ದಿನಾಲೂ.”

ಬಳಗ ನಂಬಿದ್ದು ಒಂದು ಮಾತು. ಅವಳೇ ನಂಬಿದ್ದಾಳೆ ಎಂದು ಅವತ್ತು ಗೊತ್ತಾಯಿತು. ತನ್ನ ಮನೆಯೊಳಗೆ, ತನ್ನ ಹಾಲಿಗೆ, ತನ್ನ ಕೈಗೇ ಹೆದರಿ ಅದನ್ನು ಹಿಡಿದುಕೊಂಡು ನಿಂತಿದ್ದಳು. ನಾನು ಅಲ್ಲೇ ನೆಲಕ್ಕೆ ಕುಳಿತು ಹೇಳಿಬಿಟ್ಟೆ. ಒರೆಸಿದ್ದು, ನೊಣ ಹೊಡೆದದ್ದು, ಹೂಂ ಅಂದದ್ದು, ‘ಪಾಪ’ ಅಂದದ್ದು.

ಚನ್ನ ಚಮಚ ಕೆಳಗಿಟ್ಟ. “ನೀ ಹೂಂ ಅಂದಿ, ನಾ ಸುಮ್ಮನ ಕುಂತೆ. ಇಬ್ಬರೂ ಅವ್ವನ ಮಕ್ಕಳ ಬಿಡು” ಅಂದ. ಅವನಿಂದ ಒಂದು ಬೈಗುಳವಾದರೂ ಸಿಕ್ಕೀತೆಂದು ಆಸೆಯಿತ್ತು. ಅದೂ ಸಿಗಲಿಲ್ಲ.

ನೀಲಾ ಕೇಳಿದ್ದು ಒಂದೇ. “ನಳಿಗಿ ಒಳಗ ನೀರ ಬಿಡಲೇ ಇಲ್ಲಾ ಅಕ್ಕಾರ?”

“ಇಲ್ಲವ್ವಾ.”

“ನನಗ ಹೇಳಿದ್ದು ಸಾಲೂದಿಲ್ಲರಿ. ಎಲ್ಲಿ ಹೊಲಸ ಮಾಡಿದ್ರಿ, ಅಲ್ಲೇ ತೊಳೀರಿ.”

ವರ್ಷಕ್ಕೊಮ್ಮೆ ಸಂಪಗಾಂವದ ಚಿಗವ್ವನ ಮನೆಯಲ್ಲಿ ಬಳಗದ ಹೆಂಗಸರೆಲ್ಲ ಸೇರಿ ಉಪ್ಪಿನಕಾಯಿ ಹಾಕುತ್ತೇವೆ. ಈ ಸಲ ನೀಲಾಳಿಗೆ ಮೂಲೆಯಲ್ಲಿ ಬಳ್ಳೊಳ್ಳಿ ಸುಲಿಯುವ ಕೆಲಸ. ಪಡಸಾಲೆಯ ನಡುವೆ ದೊಡ್ಡ ಬೋಗುಣಿಯಲ್ಲಿ ಹೋಳು, ಖಾರ, ಸಾಸಿವೆ ಸುರುವಿ, “ಗಿರಿಜಾ, ನೀ ಕಲಸವ್ವಾ” ಎಂದಳು ಚಿಗವ್ವ. ನಾನು ಕಲಸಲಿಲ್ಲ. ನಿಂತು ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಹೋದ ವರ್ಷ ಚನ್ನನ ಭರಣಿ ಕೆಡಿಸಿದವಳು ನಾನು, ನೀಲಾ ಅಲ್ಲ, ಅಂದೆ.

ಆಮೇಲೆ ಒಬ್ಬಳು ನಿಟ್ಟುಸಿರು ಬಿಟ್ಟಳು. “ನಾದಿನಿ ಅಂದ್ರ ಹಿಂಗಿರಬೇಕ ನೋಡ್ರೆವ್ವಾ!”

“ತಮ್ಮನ ಹೆಂಡ್ತಿ ಮಾನ ಕಾಯಾಕ ತನ್ನ ಮ್ಯಾಲೆ ಹಾಕ್ಕೊಂಡ್ಲು.”

“ಅಲ್ಲ ಬೇ, ಖರೇನ ಹೇಳಾಕತ್ತೇನಿ!” ಎಂದೆ.

“ಹೂಂ ಹೂಂ,” ಎಂದಳು ಚಿಗವ್ವ, ಕಣ್ಣು ಒರೆಸಿಕೊಳ್ಳುತ್ತ. “ಗಿರಿಜಾನ ಭರಣಿ ಹುಟ್ಟಿದಾಗಿಂದ ಎಂದರ ಕೆಟ್ಟೈತೇನ? ಯಾರಿಗೆ ಹೇಳ್ತಿ ನೀ? ಥೇಟ್ ನಮ್ಮಕ್ಕನ ಗುಣ, ದೊಡ್ಡ ಮನಸ್ಸು.”

ನಾನು ಕೂಗಾಡಿದೆ. ನಾನು ಹೊಲಸಿ, ಸೋಮಾರಿ, ಸುಳ್ಳಿ ಎಂದೆ. ಅಡಿಗೆಮನೆಯ ಅರಿವೆಯಿಂದ ಭರಣಿ ಒರೆಸಿದೆ ಎಂದೆ. ಅಂದಷ್ಟೂ ನನ್ನ ಮನಸ್ಸು ದೊಡ್ಡದಾಗುತ್ತ ಹೋಯಿತು. ಒಬ್ಬಳು ಬಂದು ನನ್ನ ತುರುಬಿಗೆ ಒಂದು ತುಂಡು ಮಲ್ಲಿಗೆ ಸಿಕ್ಕಿಸಿದಳು. ಇಡೀ ಜನ್ಮದಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ನಂಬಿದ ಈ ಮಂದಿ, ಒಂದು ಖರೆ ಹೇಳಿದರೆ ಹೂ ಮುಡಿಸುತ್ತಾರೆ!

ಅಷ್ಟರಲ್ಲಿ ನೀಲಾ ಎದ್ದಳು. ಬಳ್ಳೊಳ್ಳಿಯ ಸಿಪ್ಪೆ ಕೊಡವಿ, ಹಿತ್ತಲಿಗೆ ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದಳು. ಯಾರನ್ನೂ ಕೇಳದೆ ಬೋಗುಣಿಯ ಮುಂದೆ ಕುಳಿತು, ಮೊಣಕೈವರೆಗೆ ಬಳೆ ಸರಿಸಿ, ಎರಡೂ ಕೈಯನ್ನು ಹೋಳಿನೊಳಗೆ ಇಳಿಸಿದಳು.

“ಏ ನೀಲಾ! ಏನ ಮಾಡಾಕತ್ತೀಯವ್ವಾ? ವರ್ಷದ್ದೈತಿ ಅದು!” ಚಿಗವ್ವ ಕುಳಿತಲ್ಲಿಂದ ಅರ್ಧ ಎದ್ದಳು.

“ಕಲಸಾಕತ್ತೇನ್ರಿ,” ಎಂದಳು ನೀಲಾ. “ಕೆಟ್ರ ನನ್ನ ಹೆಸರ ಹೇಳ್ರಿ. ಚಲೋ ಆದ್ರೂ ನನ್ನ ಹೆಸರ ಹೇಳಬೇಕಾಗತೈತಿ.”

ಎರಡು ಸುತ್ತು ಕಲಸಿ ಅವಳು ತನ್ನ ಅಂಗೈಯನ್ನೇ ತಿರುವಿ ನೋಡಿಕೊಂಡಳು. ನಾನು ನೋಡಿದೆ. ಓಡಿಹೋಗಿ ಪಕ್ಕದಲ್ಲಿ ಕುಳಿತೆ, ನನ್ನ ತೋಳಿನ ಬಳೆಯನ್ನೂ ಮೇಲೆ ಸರಿಸಿದೆ. ಒಟ್ಟಿಗೆ ಕಲಸಿದರೆ ಅವಳಿಗೆ ಧೈರ್ಯವಾದೀತು ಎಂದುಕೊಂಡೆ.

ಅವಳು ತಲೆ ಎತ್ತಲಿಲ್ಲ. ನನಗೆ ಮಾತ್ರ ಕೇಳುವಂತೆ ಅಂದಳು:

“ನೀವ ಕೈ ಹಾಕಬ್ಯಾಡ್ರಿ ಅಕ್ಕಾರ. ಚಲೋ ಆದ್ರ ಮತ್ತ ನಿಮ್ಮ ಹೆಸರ ಬರತೈತಿ.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಎಲ್ಲರಿಗೂ ಕಾಣುವಂತೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವಳು ಕಲಸಿ ಮುಗಿಸುವವರೆಗೆ ಅಲ್ಲೇ ಕುಳಿತಿದ್ದೆ.